ಎದೆಯಳತೆಯ ಭೋಜಣ್ಣ

ಭೋಜಣ್ಣ ಸೀನಿದ್ದು ತಪ್ಪಲ್ಲ. ಸೀನು ಯಾರ ಅಪ್ಪಣೆಯನ್ನೂ ಕೇಳಿ ಬರುವುದಿಲ್ಲ. ಆದರೆ ಸೀನಿದ ಹೊತ್ತು, ಸೀನಿದ ಜಾಗ, ಸೀನುವಾಗ ಮೈಮೇಲಿದ್ದ ಉಡುಪು ಮೂರೂ ಒಟ್ಟಿಗೇ ಕೈಕೊಟ್ಟವು.

ಒಮಾನಿನ ಸೂರ್ ಪಟ್ಟಣದ ಬಂದರು ರಸ್ತೆಯಲ್ಲಿ ಹಡಗುಗಳಿಗೆ ಸಾಮಾನು ಒದಗಿಸುವ ಅಂಗಡಿಯೊಂದಿದೆ. ಹಗ್ಗ, ಬಣ್ಣ, ಬಲ್ಬು, ಬಾಸ್ಮತಿ ಅಕ್ಕಿ, ಲೈಫ್ ಜಾಕೆಟ್ಟು ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಊರೇ ಸೂರ್ ಆದಮೇಲೆ ಅದೇನು ದೊಡ್ಡ ಸಂಗತಿಯಲ್ಲ. ಕೆಂಪು ಸಮುದ್ರದ ಕಡೆ ಹಡಗುಗಳ ಮೇಲೆ ಗುಂಡು, ಡ್ರೋನು ಅಂತ ರಗಳೆ ಶುರುವಾದ ಮೇಲೆ ಈ ಅಂಗಡಿಗೆ ಬುಲೆಟ್ ಪ್ರೂಫ್ ಜಾಕೆಟ್ಟುಗಳೂ ಬಂದವು. ಪೊಲೀಸರ ಪರವಾನಗಿ ಇಟ್ಟುಕೊಂಡು, ಹಡಗಿನಿಂದ ಆರ್ಡರ್ ಬಂದರೆ ಮಾತ್ರ ಮಾರುವ ಮಾಲು ಅದು. ಅಂಗಡಿಯಲ್ಲಿ ಅದಕ್ಕೆ ವೆಸ್ಟ್ ಅನ್ನುತ್ತಾರೆ. ‘ಇದು ವೆಸ್ಟು ಸಾರ್, ವೇಸ್ಟ್ ಅಲ್ಲ’ ಎಂಬುದು ಸ್ಟೋರ್ ಇನ್‌ಚಾರ್ಜ್ ಭೋಜರಾಜರ, ಅಂದರೆ ನಮ್ಮ ಭೋಜಣ್ಣನ, ಜೋಕು. ಮೊದಲ ಸಲ ಕೇಳಿದವರು ನಗುತ್ತಿದ್ದರು. ವ್ಯಾನ್ ಡ್ರೈವರ್, ಕರಾವಳಿಯ ಬ್ಯಾರಿ ಕುಂಞಮ್ಮದ್ ಮಾತ್ರ ಪ್ರತಿ ಸಲವೂ ನಗುತ್ತಿದ್ದ. ಸ್ನೇಹ ಅಂದಮೇಲೆ ಅಷ್ಟು ಖರ್ಚು ಇದ್ದದ್ದೇ.

ಆ ದಿನ ಒಂದು ಸರಕು ಹಡಗಿನ ಕ್ಯಾಪ್ಟನ್ ಖುದ್ದಾಗಿ ಬಂದಿದ್ದ. ಪಕ್ಕದಲ್ಲಿ ಅಂಗಡಿಯ ಯಜಮಾನರು, ಎಲ್ಲರ ಬಾಯಲ್ಲಿ ಅರ್ಬಾಬ್, ಇಸ್ತ್ರಿ ಮಾಡಿದ ದಿಶ್‌ದಾಶಾ ನಿಲುವಂಗಿ ತೊಟ್ಟು, ಹೊಸ ಚರ್ಮದ ಚಪ್ಪಲಿ ಮೆಟ್ಟಿ ನಿಂತಿದ್ದರು. ಭೋಜಣ್ಣ ಮಾಲು ತೋರಿಸುವ ಕ್ರಮವೇ ಬೇರೆ. ವೆಸ್ಟನ್ನು ತಾವೇ ತೊಟ್ಟುಕೊಂಡು, ಕೈ ಎತ್ತಿ, ಬಗ್ಗಿ, ಕುಕ್ಕರುಗಾಲಿನಲ್ಲಿ ಕೂತು, ಎದ್ದು, “ಸೀ ಕ್ಯಾಪ್ಟನ್, ವಾಟೆವರ್ ಯು ಡು, ಇಟ್ ವಿಲ್ ನಾಟ್ ಓಪನ್” ಅಂದರು.

ಅಂದದ್ದೇ ತಡ, ಸೀನು ಬಂತು. ಅಂತಿಂಥ ಸೀನಲ್ಲ, ಹೊಟ್ಟೆಯ ಬುಡದಿಂದ ಎದ್ದ ಸೀನು. ಚರ್‍ರ್ ಎಂದು ಎರಡೂ ಪಕ್ಕದ ವೆಲ್ಕ್ರೋ ಪಟ್ಟಿಗಳು ಬಿಚ್ಚಿಕೊಂಡವು. ಎದುರಿನ ಜೇಬಿನಲ್ಲಿದ್ದ, ಗುಂಡು ತಡೆಯುವ ಗಟ್ಟಿ ಪ್ಲೇಟು ಜಾರಿ, ನೇರ ಹೋಗಿ ಅರ್ಬಾಬರ ಹೆಬ್ಬೆರಳ ಮೇಲೆ ಕೂತಿತು. ಅರ್ಬಾಬ್ ದೇವರನ್ನು ನೆನೆಯುತ್ತ ಒಂಟಿ ಕಾಲಿನಲ್ಲಿ ಗೋದಾಮಿಗೆ ಅರ್ಧ ಸುತ್ತು ಬಂದರು. ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆ ಹೊತ್ತು ನಿಂತಿದ್ದ ಕುಂಞಮ್ಮದ್ ಪೆಟ್ಟಿಗೆಯ ಹಿಂದೆ ಮುಖ ಮುಚ್ಚಿಕೊಂಡ. ಪೆಟ್ಟಿಗೆ ಕುಲುಕುವುದು ಎಲ್ಲರಿಗೂ ಕಾಣುತ್ತಿತ್ತು.

ಕ್ಯಾಪ್ಟನ್ ಬಗ್ಗಿ ಪ್ಲೇಟನ್ನೆತ್ತಿ, ತೂಕ ನೋಡಿ, ಕುಂಟುತ್ತಿದ್ದ ಅರ್ಬಾಬರನ್ನೂ ನೋಡಿ, “ವೆರಿ ಸ್ಟ್ರಾಂಗ್, ಪ್ಯಾಕ್ ಇಟ್” ಅಂದ. ವ್ಯಾಪಾರವೇನೋ ಆಯಿತು. ಆದರೆ ಗುಂಡು ತಡೆಯುವ ಅಂಗಿ ಗುಂಡಗಾದವರ ಮೈಗೆ ಕೂರುವುದಿಲ್ಲ ಎಂಬ ಸತ್ಯ ಸೂರ್ ಪಟ್ಟಣಕ್ಕೆಲ್ಲ ಹಬ್ಬಿತು.

ಹಬ್ಬಿಸಿದವನು ಕುಂಞಮ್ಮದನೇ.

“ಹೊಟ್ಟೆ ಇಳಿಸಿ ಅಂತ ವರ್ಷದಿಂದ ಹೇಳ್ತಾ ಇದ್ದೇನೆ” ಎಂದು ಭೋಜಣ್ಣನ ಹೆಂಡತಿ ಲೋಲಾಕ್ಷಿ, ಮೀನಿನ ಸಾರು ಬಡಿಸುತ್ತಲೇ ಗದರಿದರಂತೆ.

“ಹೊಟ್ಟೆ ಇಳಿಸುವುದಕ್ಕಿಂತ ದೊಡ್ಡ ವೆಸ್ಟ್ ಇಳಿಸುವುದು ಸುಲಭ ಮಾರಾಯ್ತಿ” ಎಂದು ಭೋಜಣ್ಣ ತಟ್ಟೆ ಮುಂದೆ ಒಡ್ಡಿದರಂತೆ.

ಹಾಗೇ ಆಯಿತು. ಬಿದ್ದ ಪ್ಲೇಟನ್ನು, ಒಳಗೆ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ ಅಂತ, ಭೋಜಣ್ಣ ಅಂದೇ ಆಚೆ ಹಾಕಿದರು. ಮುಂದಿನ ಖೇಪಿನಲ್ಲಿ ಎರಡು ನೀಲಿ ಡಬಲ್ ಎಕ್ಸೆಲ್ ವೆಸ್ಟು ಬಂದವು. ಒಂದು ಮಾರುವುದಕ್ಕೆ, ಇನ್ನೊಂದು ಡೆಮೊಗೆ, ಅಂದರೆ ಭೋಜಣ್ಣನ ಹೊಟ್ಟೆಗೆ.

ಮೂಲ್ಕಿಯ ಭೋಜಣ್ಣ ಒಮಾನಿಗೆ ಬಂದದ್ದು ಜವಳಿ ಅಂಗಡಿಯ ಸೇಲ್ಸ್‌ಮನ್ ಆಗಿ. ಮಸ್ಕತ್ತಿನ ರುವಿಯಲ್ಲಿ ಶರ್ಟು, ಪ್ಯಾಂಟು, ಬನಿಯನು ಮಾರುತ್ತ ಬಹಳ ವರ್ಷ ಕಳೆದು, ಆ ಅಂಗಡಿ ಮುಚ್ಚಿದ ಮೇಲೆ ಸೂರಿಗೆ ಬಂದರು. ಅಂಗಡಿ ಬದಲಾಯಿತು, ಕೈ ಬದಲಾಗಲಿಲ್ಲ. ಗಿರಾಕಿ ಬಾಗಿಲಲ್ಲಿ ಕಂಡ ಕೂಡಲೇ ಅವರ ಕಣ್ಣು ಹೆಗಲಿನಿಂದ ಹೆಗಲಿಗೆ ಓಡಿ ಅಳತೆ ತೆಗೆದುಕೊಳ್ಳುತ್ತಿತ್ತು. ಬೇಕಾದದ್ದು ಒಂದೇ ಆದರೂ ಇಡೀ ಕಪಾಟು ಇಳಿಸಿ ಮೇಜಿನ ಮೇಲೆ ಹರಡುತ್ತಿದ್ದರು. “ಈ ಬಣ್ಣ ನಿಮ್ಮ ಮುಖಕ್ಕೆ ಒಪ್ಪುತ್ತದೆ” ಅಂತ ಗುಂಡು ತಡೆಯುವ ಅಂಗಿಯನ್ನು ಮದುವೆ ಶರ್ಟಿನ ಹಾಗೆ ಎದೆಗೆ ಹಿಡಿದು ತೋರಿಸುವವರು ಇಡೀ ಗಲ್ಫಿನಲ್ಲಿ ಅವರೊಬ್ಬರೇ ಇರಬೇಕು. ಹೊರಟ ಗಿರಾಕಿಗೆ, ಹಳೆ ಅಭ್ಯಾಸದಲ್ಲಿ, “ಬಣ್ಣ ಬಿಡುವುದಿಲ್ಲ” ಅಂತಲೂ ಒಂದು ಮಾತು ಸೇರಿಸುತ್ತಿದ್ದರು.

ಡಬಲ್ ಎಕ್ಸೆಲ್ ಬಂದ ಮೇಲೆ ಭೋಜಣ್ಣ ಅದನ್ನು ಡೆಮೊ ಇದ್ದಾಗ ಮಾತ್ರ ಹಾಕಿಕೊಳ್ಳಬಹುದಿತ್ತು. ಅವರು ದಿನವೂ ಹಾಕಿಕೊಳ್ಳತೊಡಗಿದರು. ಬೆಳಿಗ್ಗೆ ಬಂದು ಟಿಫಿನ್ ಡಬ್ಬಿ ಇಟ್ಟು, ದೇವರ ಫೋಟೋಕ್ಕೆ ಕೈಮುಗಿದು, ವೆಸ್ಟು ತೊಟ್ಟು ಮೇಜಿನ ಮುಂದೆ ಕೂತರೆ ಮನೆಗೆ ಹೊರಡುವಾಗಲೇ ಬಿಚ್ಚುವುದು. ಗುಂಡು ತಡೆಯುವ ಅಂಗಿಯಲ್ಲಿ ಕೂತು ಬಾಸ್ಮತಿ ಅಕ್ಕಿಯ ಬಿಲ್ಲು ಬರೆಯುವ ಮನುಷ್ಯನನ್ನು ನೋಡಲಿಕ್ಕೇ ಜನ ಬಂದದ್ದುಂಟು.

ಯಾಕೆ ಅಂತ ಕೇಳಿದರೆ ಭೋಜಣ್ಣ ನಕ್ಕು, “ಇರಲಿ ಬಿಡಿ, ಒಂದು ಅಭ್ಯಾಸ” ಅನ್ನುತ್ತಿದ್ದರು. ಬಾಯಿ ಬಿಡದ ಮನುಷ್ಯನ ಬಗ್ಗೆ ಊರು ಸುಮ್ಮನಿರುತ್ತದೆಯೇ? ಮೂಲ್ಕಿಯಲ್ಲಿ ಯಾರೋ ಜಾಗದ ತಕರಾರಿನಲ್ಲಿ ಬೆದರಿಕೆ ಹಾಕಿದ್ದಾರಂತೆ ಅಂತ ಕೆಲವರು. ತಾನು ಹಾಕದ ಮಾಲನ್ನು ಮಾರುವುದಿಲ್ಲ ಅಂತ ಹರಕೆಯಂತೆ ಅಂತ ಇನ್ನು ಕೆಲವರು. ಅರ್ಬಾಬರಂತೂ ಗಿರಾಕಿಗಳ ಮುಂದೆ ಭೋಜಣ್ಣನತ್ತ ಬೆರಳು ತೋರಿಸಿ, “ನೋಡಿ, ನನ್ನ ಆಳಿಗೆ ನನ್ನ ಮಾಲಿನ ಮೇಲೆ ಎಂಥ ನಂಬಿಕೆ” ಅನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಕಾಲಲ್ಲಿ ಚಪ್ಪಲಿಯ ಬದಲು ಮುಚ್ಚಿದ ಬೂಟು ಇರುತ್ತಿತ್ತು. ಅವರ ನಂಬಿಕೆ ಅಷ್ಟೇ.

“ನನ್ನ ಲೆಕ್ಕದಲ್ಲಿ ಲೋಲಾಕ್ಷಿಯಕ್ಕನ ಹೆದರಿಕೆ” ಎಂದ ಕುಂಞಮ್ಮದ್.

“ಅವಳಿಗೆ ಈ ಪ್ಲೇಟೆಲ್ಲ ಎಂತಕ್ಕೂ ಸಾಲುವುದಿಲ್ಲ ಬ್ಯಾರಿಗಳೇ” ಎಂದರು ಭೋಜಣ್ಣ.

ಈ ಮಾತೆಲ್ಲ ನಡೆಯುತ್ತಿದ್ದದ್ದು ಅಂಗಡಿಯ ಹಿಂಬದಿಯ ಗೋದಾಮಿನಲ್ಲಿ, ಭೋಜಣ್ಣನ ಮೇಜಿನ ಪಕ್ಕ. ವೆಸ್ಟುಗಳನ್ನು ತಂಪಾದ, ಬಿಸಿಲು ಬೀಳದ ಜಾಗದಲ್ಲಿ ಅಂಗಾತ ಮಲಗಿಸಿ ಇಡಬೇಕು ಅಂತ ತಯಾರಿಸಿದ ಕಂಪೆನಿಯವರು ಹೇಳಿದ್ದರಿಂದ ಅರ್ಬಾಬ್ ಅಲ್ಲಿಗೆ ಹೊಸ ಏಸಿ ಹಾಕಿಸಿದ್ದರು. ಗೋಡೆಯ ಕ್ಯಾಲೆಂಡರ್ ವರ್ಷವಿಡೀ ಪಟಪಟ ಬಡಿದುಕೊಳ್ಳುತ್ತಿತ್ತು. ಸೂರಿನ ಬಿಸಿಲಲ್ಲಿ ವ್ಯಾನು ಓಡಿಸಿ ಬೆಂದು ಬರುವ ಕುಂಞಮ್ಮದನಿಗೆ ಅದು ಸ್ವರ್ಗ. ಎರಡು ನಿಮಿಷ ನಿಂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಭೋಜಣ್ಣನ ಫ್ಲಾಸ್ಕಿನಿಂದ ಶುಂಠಿ ಚಹಾ ಕದ್ದು ಕುಡಿದು, “ನಿಮ್ಮ ಪುಣ್ಯ ಭೋಜಣ್ಣ” ಅಂತ ಹೇಳಿ ಮತ್ತೆ ಬಿಸಿಲಿಗೆ ಹೋಗುತ್ತಿದ್ದ.

ಕುಂಞಮ್ಮದನ ಮಗ ಹಕೀಂ ಹಡಗಿನ ಇಂಜಿನಿಯರ್. ಅಪ್ಪ ಪೊರಕೆ ಕಡ್ಡಿಯಾದರೆ ಮಗ ಕಬ್ಬಿಣದ ಬೀರು. ರಜೆಯಲ್ಲಿ ಸೂರಿನ ಮನೆಗೆ ಬಂದು, ತಾಯಿ ಬೀಬಿ ಮಾಡಿದ ಅಕ್ಕಿಯ ಪತ್ತಿರ್ ರೊಟ್ಟಿ ತಿಂದುಕೊಂಡಿದ್ದವನಿಗೆ ಮೇಲ್ ಬಂತು. ಸೆಕೆಂಡ್ ಇಂಜಿನಿಯರ್ ಆಗಿ ಬಡ್ತಿ. ಹಡಗು ಗುರುವಾರ ಸೂರಿನ ಹೊರಗೆ ಲಂಗರು ಹಾಕುತ್ತದೆ, ಬೋಟಿನಲ್ಲಿ ಹೋಗಿ ಹತ್ತಬೇಕು. ಅಲ್ಲಿಂದ ಮುಂದೆ ಕೆಂಪು ಸಮುದ್ರ.

ಬಡ್ತಿಯ ಸುದ್ದಿ ಕೇಳಿ ಬೀಬಿ ಪಾಯಸ ಮಾಡಿದಳು. ಸಮುದ್ರದ ಬಣ್ಣ ಕೇಳಿ ಪಾಸ್‌ಪೋರ್ಟನ್ನು ಎತ್ತಿ ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಳು.

“ಉಮ್ಮ, ಇಟ್ಸ್ ಮೈ ಜಾಬ್!” ಎಂದ ಹಕೀಂ.

“ನಿನ್ನ ಜಾಬು, ನನ್ನ ಮಗ” ಎಂದಳು ಬೀಬಿ.

ಗುರುವಾರ ಹತ್ತದಿದ್ದರೆ ಆ ಜಾಗಕ್ಕೆ ಬೇರೆಯವರು. ಮುಂದಿನ ಅವಕಾಶ ಯಾವಾಗಲೋ. ತಂದೆಯಾಗಿ ಕುಂಞಮ್ಮದನಿಗೆ ಎರಡೂ ಕಡೆ ಎಳೆತ. ಹೋಗಲಿ ಅನ್ನಲಿಕ್ಕೆ ಬಾಯಿ ಬರುವುದಿಲ್ಲ, ಬೇಡ ಅನ್ನಲಿಕ್ಕೆ ಮಗನ ಮುಖ ನೋಡಲಾಗುವುದಿಲ್ಲ. ಹಡಗಿನವರೇ ಎಲ್ಲರಿಗೂ ಬುಲೆಟ್ ಪ್ರೂಫ್ ಕೊಡುತ್ತಾರೆ, ಅದರ ಆರ್ಡರ್ ನಮ್ಮ ಅಂಗಡಿಗೇ ಬಂದಿದೆ ಅಂತ ಅವನು ಸಮಾಧಾನ ಹೇಳಿದ. ಬೀಬಿ ಸ್ವಲ್ಪ ಯೋಚಿಸಿ ಒಂದು ಷರತ್ತು ಹಾಕಿದಳು.

“ಭೋಜಣ್ಣ ಕೈಯಾರೆ ಆರಿಸಿ, ಕೈಯಾರೆ ಕಟ್ಟಿ ಕಳಿಸುವುದಾದರೆ ಹೋಗಲಿ. ಅವರು ದಿನಾ ಮೈಮೇಲೆ ಹಾಕಿಕೊಳ್ಳುವವರು. ಸುಮ್ಮನೆ ಹಾಕಿಕೊಳ್ತಾರಾ? ಅವರಿಗೆ ಅದರ ಗುಣ ಗೊತ್ತುಂಟು.”

ಹೀಗೆ ಹಕೀಂ ವಾರದ ಆರಂಭದಲ್ಲೇ ಗೋದಾಮಿಗೆ ಬಂದ. ಭೋಜಣ್ಣ ಅವನ ಹೆಗಲು ನೋಡಿದರು, ಹಡಗಿನ ಕಂಪೆನಿಯ ಆರ್ಡರ್ ನೋಡಿದರು, ಹಣೆ ಚಚ್ಚಿಕೊಂಡರು.

“ಎಲ್ಲರಿಗೂ ಲಾರ್ಜ್ ಅಂತ ಬರೆದಿದ್ದಾರೆ. ಇವನಿಗೆ ಲಾರ್ಜ್ ಹಾಕಿದರೆ ಎದೆಯ ಮೇಲೆ ಟೈ ಕಟ್ಟಿದ ಹಾಗೆ ಕಾಣುತ್ತದೆ.”

ಕಪಾಟು ಇಳಿಯಿತು. ಮೇಜು ತುಂಬಿತು. ಹಕೀಮನ ಕೈ ನೇರ ಹೋದದ್ದು ಹತ್ತಾರು ಜೇಬುಗಳಿದ್ದ ಖಾಕಿ ವೆಸ್ಟಿಗೆ. ಸಿನಿಮಾದವರು ಹಾಕಿಕೊಳ್ಳುವಂಥದ್ದು.

“ಅಂಕಲ್, ದಿಸ್ ಒನ್. ಸೂಪರ್ ಉಂಟು.”

“ಅದು ಕಾವಲಿನವರದ್ದು. ನೀನು ಇಂಜಿನಿಯರ್ ಮಾರಾಯ. ದೂರದಲ್ಲಿ ದುರ್ಬೀನು ಹಿಡಿದವನಿಗೆ ನೀನು ಮಿಲಿಟರಿಯವನ ಹಾಗೆ ಕಾಣಬಾರದು. ನೀಲಿ ತಗೋ. ನೋಡಿದವನಿಗೆ ‘ಪಾಪ, ಯಾರೋ ಕೆಲಸದವನು’ ಅನ್ನಿಸಬೇಕು.”

“ಹಾಗಾದರೆ ಇರುವುದರಲ್ಲಿ ಹೆವಿಯೆಸ್ಟ್ ಕೊಡಿ.”

ಭೋಜಣ್ಣ ವಾದ ಮಾಡಲಿಲ್ಲ. ದಪ್ಪ ಪ್ಲೇಟುಗಳಿದ್ದ ಅತಿ ಭಾರದ ವೆಸ್ಟು ಅವನಿಗೆ ತೊಡಿಸಿ, ಕಪಾಟಿಗೆ ಒರಗಿಸಿದ್ದ ಏಣಿ ತೋರಿಸಿದರು. ಹಕೀಂ ಹತ್ತಿದ. ಅರ್ಧಕ್ಕೆ ನಿಂತ. ಏದುಸಿರು ಬಿಟ್ಟ.

“ಹಡಗಲ್ಲಿ ಅಲಾರಂ ಆದಾಗ ಲಿಫ್ಟ್ ಉಂಟಾ?”

“ಅಲಾರಂ ಆದರೆ... ಲಿಫ್ಟ್ ಯೂಸ್... ಮಾಡ್ಲಿಕ್ಕಿಲ್ಲ ಅಂಕಲ್.”

“ಹಾಗಾದರೆ ಇಳಿ. ಭಾರ ಅಂತ ನೀನು ಬಿಚ್ಚಿಟ್ಟರೆ ಅದು ಕಾಯುವುದು ಕುರ್ಚಿಯನ್ನು, ನಿನ್ನನ್ನಲ್ಲ.”

ಆಮೇಲೆ ಭೋಜಣ್ಣ ಶಾಂತವಾಗಿ ಬಿಡಿಸಿ ಹೇಳಿದರು. ಒಳಗಿನ ಮೆತ್ತನೆಯ ಪದರ ಗಟ್ಟಿ ನೂಲಿನದ್ದು, ನೂಲಿನ ಮೇಲೆ ನೂಲು. ಪಿಸ್ತೂಲಿನ ಗುಂಡು, ಸಿಡಿದು ಬರುವ ಲೋಹದ ಚೂರು ಇವನ್ನು ಅದು ಹಿಡಿಯುತ್ತದೆ. ರೈಫಲಿನ ಗುಂಡಿಗೆ ಅದು ಸಾಲದು, ಎದೆಗೂ ಬೆನ್ನಿಗೂ ಒಂದೊಂದು ಪ್ಲೇಟು ಬೇಕು. ಹಡಗಿನವರಿಗೆ ಹೆಚ್ಚಿನ ಅಪಾಯ ಸಿಡಿಯುವ ಚೂರಿನದ್ದು. ಆದ್ದರಿಂದ ಮೆತ್ತನೆಯದು ಮೈಯನ್ನು ಚೆನ್ನಾಗಿ ಆವರಿಸಲಿ, ಪ್ಲೇಟು ಹಗುರದ್ದಿರಲಿ. ಒಳಗೆ ಚೀಟಿ ಹೊಲಿದಿರಬೇಕು. ಯಾವ ಅಳತೆ, ಯಾವಾಗ ಮಾಡಿದ್ದು, ಯಾವ ಗುಂಡಿಗೆ ಪರೀಕ್ಷೆ ಆದದ್ದು, ಎಲ್ಲ ಅದರಲ್ಲಿರಬೇಕು. ಚೀಟಿ ಇಲ್ಲದ್ದನ್ನು ಯಾರಾದರೂ ದಾನ ಕೊಟ್ಟರೂ ಮುಟ್ಟಬಾರದು.

ಮಾರಲಿಕ್ಕೆ ಇದ್ದ ಒಂದೇ ಡಬಲ್ ಎಕ್ಸೆಲ್ ನೀಲಿ ವೆಸ್ಟು ಹಕೀಮನ ಹೆಗಲೇರಿತು. ಭೋಜಣ್ಣ ಅವನ ಗಂಟಲಿನ ಕೆಳಗಿನ ಕುಳಿಯಲ್ಲಿ ಬೆರಳಿಟ್ಟರು. “ಪ್ಲೇಟಿನ ಮೇಲಂಚು ಇಲ್ಲಿಗೆ ಬರಬೇಕು. ಎಲ್ಲರೂ ಕೆಳಗೆ ಇಳಿಸಿ ಕಟ್ಟಿಕೊಳ್ತಾರೆ.” ಹೆಗಲಿನ ಪಟ್ಟಿ ಎಳೆದರು. ಪಕ್ಕದ ಪಟ್ಟಿ ಬಿಗಿದು, ಎರಡು ಬೆರಳು ಒಳಗೆ ತೂರಿಸಿ ನೋಡಿದರು. ಕೂರಿಸಿದರು, ಏಳಿಸಿದರು, ಕೈ ಎತ್ತಿಸಿದರು. ಕೂತಾಗ ಪ್ಲೇಟು ಗಂಟಲಿಗೆ ತಾಗಲಿಲ್ಲ. ಸೀನಲು ಮಾತ್ರ ಹೇಳಲಿಲ್ಲ.

ಕುಂಞಮ್ಮದನಿಗೆ ಒಂದು ಸಂಶಯ. “ಭೋಜಣ್ಣ, ಹೊಟ್ಟೆ ಹೊರಗೆ ಉಳಿಯಿತಲ್ಲ?”

“ಪ್ಲೇಟು ಇರುವುದು ಹೃದಯಕ್ಕೆ, ಶ್ವಾಸಕೋಶಕ್ಕೆ. ಹೊಟ್ಟೆಗೆ ಏಟು ಬಿದ್ದರೆ ಡಾಕ್ಟರ ಹತ್ತಿರ ಹೋಗಲಿಕ್ಕೆ ಸ್ವಲ್ಪ ಸಮಯ ಸಿಗುತ್ತದೆ ಬ್ಯಾರಿಗಳೇ. ಎದೆಗೆ ಬಿದ್ದರೆ ಸಿಗುವುದಿಲ್ಲ. ಹೊಟ್ಟೆ ನಮಗೆ ಪ್ರೀತಿಯದ್ದು, ಅದು ಬೇರೆ.”

ಭೋಜಣ್ಣ ಬಟ್ಟೆಯ ಅಳತೆ ಹೇಳಿದಷ್ಟೇ ಸಲೀಸಾಗಿ ಹೇಳಿದರು. ಕುಂಞಮ್ಮದ್ ಶುಂಠಿ ಚಹಾದ ಲೋಟ ಕೆಳಗಿಟ್ಟ. ಇದುವರೆಗೆ ಅವನು ಸಾಗಿಸಿದ್ದು ಪೆಟ್ಟಿಗೆಗಳನ್ನು. ಆ ಪೆಟ್ಟಿಗೆಯೊಳಗಿನದನ್ನು ತೊಡುವ ಎದೆಗಳ ಬಗ್ಗೆ ಅವನು ಯೋಚಿಸಿದ್ದಿಲ್ಲ. ಎದುರಿಗೆ ನಿಂತ ಎದೆಯ ಮೇಲೆ, ಹುಟ್ಟಿದ ಮೊದಲ ವಾರಗಳಲ್ಲಿ, ಅವನು ತೆಂಗಿನೆಣ್ಣೆ ತಿಕ್ಕಿದ್ದ. ಆಗ ಅಂಗೈಯೊಂದರಲ್ಲಿ ಮುಚ್ಚಿಹೋಗುವಷ್ಟೇ ಇತ್ತು.

ನೀರಿಗೆ ಬಿದ್ದರೆ ಇದೇ ಮುಳುಗಿಸುತ್ತದೆ, ಕೂಡಲೇ ಬಿಚ್ಚಲಿಕ್ಕೆ ಬರಬೇಕು ಅಂತ ಭೋಜಣ್ಣ ಹಕೀಮನಿಗೆ ಕಣ್ಣು ಮುಚ್ಚಿಸಿ ಮತ್ತೆ ಮತ್ತೆ ಬಿಚ್ಚಿಸಿದರು. ಎಲ್ಲ ಆದಮೇಲೆ ಕುಂಞಮ್ಮದ್ ತಲೆ ಕೆರೆದುಕೊಂಡ. “ಭೋಜಣ್ಣ, ಇದನ್ನು ಗುರುವಾರದವರೆಗೆ ಮನೆಗೆ ಕೊಂಡುಹೋಗಲಾ? ಬೀಬಿ ಒಮ್ಮೆ ಮುಟ್ಟಿ ನೋಡಲಿ. ಅವಳ ನಿದ್ರೆ ಹೋಗಿದೆ.”

ಮಾಲನ್ನು ಹಾಗೆ ಮನೆಗೆ ಕೊಡುವ ಕ್ರಮವಿಲ್ಲ. ಭೋಜಣ್ಣ ಅರ್ಬಾಬರ ಕೋಣೆಯೊಳಗೆ ಹೋಗಿ, ಒಪ್ಪಿಗೆ ಪಡೆದು ಬಂದು, ವೆಸ್ಟನ್ನು ಕೈಗಿಡುತ್ತ ಎಚ್ಚರಿಕೆ ಹೇಳಿದರು. “ಮಡಚಬೇಡಿ. ಮೊಳೆಗೆ ನೇತು ಹಾಕಬೇಡಿ. ಪ್ಲೇಟು ಬೀಳಿಸಬೇಡಿ. ವ್ಯಾನಿನ ಬಿಸಿಯಲ್ಲಿ ಬಿಟ್ಟುಬರಬೇಡಿ. ಮಂಚದ ಮೇಲೆ ಅಂಗಾತ ಮಲಗಿಸಿ.”

“ಮಗುವಿನ ಹಾಗೆ” ಎಂದ ಕುಂಞಮ್ಮದ್.

“ಹಾಂ, ಮಗುವಿನ ಹಾಗೆ” ಎಂದರು ಭೋಜಣ್ಣ.

ಬೀಬಿ ಅದನ್ನು ಮಗುವಿನ ಹಾಗೆಯೇ ನೋಡಿಕೊಂಡಳು. ಎಡವಟ್ಟಾದದ್ದು ಅಲ್ಲೇ.

ಬೀಬಿಯ ತವರು ಉಳ್ಳಾಲ. ತಿಂಗಳುಗಟ್ಟಲೆ ಮಳೆ ಹೊಯ್ದು ದಿಂಬು, ಚಾಪೆ, ಸ್ಕೂಲ್ ಬ್ಯಾಗು ಎಲ್ಲಕ್ಕೂ ಬೂಸಲು ಹಿಡಿಯುವ ಊರು. ಅಲ್ಲಿ ಬಿಸಿಲು ಅಂದರೆ ಮನೆಗೆ ಬಂದ ನೆಂಟ, ಕೂಡಲೇ ಉಪಯೋಗಿಸಿಕೊಳ್ಳಬೇಕು. ಅಂಥವಳಿಗೆ ಒಮಾನಿನಲ್ಲಿ ವರ್ಷವಿಡೀ ನೆಂಟ. ಬಂದ ಮೊದಲ ದಿನದಿಂದ ಅವಳ ತಾರಸಿ ಖಾಲಿ ಇದ್ದದ್ದೇ ಇಲ್ಲ. ಮೆಣಸು, ಮೀನು, ಮಾವಿನ ಹೋಳು, ಹಾಸಿಗೆ, ಹೀಗೆ ಹಾಸಿಗೆಯ ಮೇಲೆ ಮಲಗುವವರನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿ ಒಣಗುತ್ತಿತ್ತು. ಮತ್ತೆ, ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನು ಒಗೆಯದೆ ಮೈಗೆ ಹಾಕುವ ಪದ್ಧತಿ ಅವಳ ಮನೆಯಲ್ಲಿರಲಿಲ್ಲ. ಯಾರ್‍ಯಾರ ಕೈ ತಾಗಿದೆಯೋ!

ಗುರುವಾರ ಬೆಳಿಗ್ಗೆ ಹಕೀಮನ ಸೂಟ್‌ಕೇಸುಗಳನ್ನು ವ್ಯಾನಿಗೆ ಏರಿಸಿದ್ದಾಯಿತು. ಮಗನಿಗೆ ಭೋಜಣ್ಣ ತೊಡಿಸುವುದನ್ನು ಕಣ್ಣಾರೆ ನೋಡಬೇಕು ಅಂತ ಬೀಬಿಯೂ ಹತ್ತಿ ಕೂತಳು. ಮಡಿಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ವೆಸ್ಟು, ಭುಜದಲ್ಲಿ ಬ್ಯಾಗು, ಬ್ಯಾಗಿನಲ್ಲಿ ಪಾಸ್‌ಪೋರ್ಟು. ವ್ಯಾನಿಡೀ ಧೂಪದ ಪರಿಮಳ. ಹೆಂಡತಿ ವೆಸ್ಟಿಗೂ ಧೂಪ ಹಾಕಿದ್ದಾಳೆ ಅಂತ ಕುಂಞಮ್ಮದನಿಗೆ ಗೊತ್ತಾಯಿತು. ಒಳ್ಳೆಯದೇ ಆಯಿತು ಅಂದುಕೊಂಡ.

ಗೋದಾಮಿನಲ್ಲಿ ಭೋಜಣ್ಣ ತಮ್ಮ ವೆಸ್ಟು ತೊಟ್ಟು ಕಾಯುತ್ತಿದ್ದರು. ಟವೆಲ್ ಬಿಡಿಸಿದರು. ಮೂಗಿನ ಹತ್ತಿರ ಹಿಡಿದರು. ಧೂಪದ ಅಡಿಯಲ್ಲಿ ಇನ್ನೊಂದು ಪರಿಮಳವಿತ್ತು.

“ಬೀಬಿಯಕ್ಕ, ಇದು ಎಂತ, ಸೋಪಿನ ಪರಿಮಳ?”

“ಮಷೀನಿನಲ್ಲಿ ಎರಡು ಸಲ ಹಾಕಿದೆ ಭೋಜಣ್ಣ” ಎಂದಳು ಬೀಬಿ ಸಂತೋಷದಿಂದ. “ಆ ಎರಡು ಹಲಗೆ ತೆಗೆದು ಟವೆಲ್ಲಿನಲ್ಲಿ ಸುತ್ತಿ ಜೋಪಾನ ಇಟ್ಟಿದ್ದೆ. ಬಾಕಿದ್ದನ್ನು ತಾರಸಿಯಲ್ಲಿ ಒಳ್ಳೆ ಬಿಸಿಲಿಗೆ ಹಾಕಿದೆ. ಗರಿಗರಿ ಆಗಿದೆ ನೋಡಿ.”

ಭೋಜಣ್ಣ ವೆಸ್ಟಿನ ಹೊರಗವಸಿನ ಜಿಪ್ಪು ಎಳೆದು, ಒಳಗಿನ ಮೆತ್ತನೆಯ ಪದರವನ್ನು ಹೊರಗೆ ತೆಗೆದರು. ಅದನ್ನು ನೀರು ಹೋಗದ ಹಾಗೆ ಒಂದು ಚೀಲದೊಳಗೆ ಬೆಸೆದಿರುತ್ತಾರೆ. ಮಷೀನು ತಿರುಗಿಸಿದ ರಭಸಕ್ಕೆ ಚೀಲದ ಒಂದು ಮೂಲೆ ಬಿಟ್ಟುಕೊಂಡಿತ್ತು. ಭೋಜಣ್ಣ ಮೆಲ್ಲಗೆ ಒತ್ತಿದರು. ಪಚಕ್ ಎಂದು ಸದ್ದಾಗಿ, ಸೋಪಿನ ನೀರಿನ ನಾಲ್ಕು ಹನಿ ಮೇಜಿನ ಮೇಲೆ ಬಿದ್ದವು.

ಎಲ್ಲರೂ ಆ ಹನಿಗಳನ್ನೇ ನೋಡಿದರು.

“ತಪ್ಪು ನನ್ನದು” ಎಂದರು ಭೋಜಣ್ಣ. “ಮಡಚಬೇಡಿ ಅಂದೆ, ನೇತು ಹಾಕಬೇಡಿ ಅಂದೆ. ಒಗೆಯಬೇಡಿ ಅನ್ನಲಿಲ್ಲ. ಇಷ್ಟು ದಪ್ಪದ್ದನ್ನು ಯಾರು ಒಗೆಯುತ್ತಾರೆ ಅಂತ...”

“ಈಗ ಎಂತ ಆಗ್ತದೆ?” ಬೀಬಿಯ ದನಿ ಸಣ್ಣದಾಗಿತ್ತು.

“ನೂಲಿನ ಮಧ್ಯೆ ನೀರು ಹೋದರೆ ನೂಲಿಗೆ ಗುಂಡು ಹಿಡಿಯಲಿಕ್ಕಾಗುವುದಿಲ್ಲಕ್ಕ. ಬಿಸಿಲೂ ಆ ನೂಲನ್ನು ತಿನ್ನುತ್ತದೆ. ಇನ್ನೂ ಸರಿ ಇರಬಹುದು, ಇಲ್ಲದೆಯೂ ಇರಬಹುದು. ಹೊರಗಿನಿಂದ ನೋಡಿ ನನಗೆ ಹೇಳಲಿಕ್ಕಾಗುವುದಿಲ್ಲ. ಹೇಳಲಿಕ್ಕಾಗದ್ದನ್ನು ಇವನ ಎದೆಗೆ ಕಟ್ಟಲಿಕ್ಕೂ ಆಗುವುದಿಲ್ಲ.”

ಬೀಬಿ ಎರಡೂ ಕೈಯಿಂದ ಬ್ಯಾಗನ್ನು ಅವಚಿಕೊಂಡಳು. “ಹಾಗಾದರೆ ಇವ ಹೋಗುವುದು ಬೇಡ.”

“ಉಮ್ಮ, ಪ್ಲೀಸ್. ಬೋಟ್ ಈಸ್ ವೇಟಿಂಗ್.”

“ನಾನೇ ನನ್ನ ಕೈಯಾರೆ ಹಾಳು ಮಾಡಿದೆನಲ್ಲ” ಎಂದು ಬೀಬಿ ಅಲ್ಲೇ ಅಕ್ಕಿ ಚೀಲದ ಮೇಲೆ ಕೂತಳು. ಕುಂಞಮ್ಮದನಿಗೆ ಹೆಂಡತಿಯನ್ನು ಬಯ್ಯಬೇಕೋ, ಮಗನ ಹೆಗಲು ಹಿಡಿಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡದೆ ಮೇಜಿನ ಮೇಲಿನ ಸೋಪಿನ ನೀರನ್ನು ಕರವಸ್ತ್ರದಿಂದ ಒರೆಸಿದ. ಮೇಜು ಒಣಗಿತು, ಮತ್ತೇನೂ ಬದಲಾಗಲಿಲ್ಲ.

ಆಗ ಚರ್‍ರ್ ಎಂಬ ಸದ್ದು ಕೇಳಿಸಿತು.

ಆ ಸದ್ದು ಕುಂಞಮ್ಮದನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಈ ಸಲ ಯಾರೂ ಸೀನಿರಲಿಲ್ಲ. ಭೋಜಣ್ಣ ತಮ್ಮ ವೆಸ್ಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ತಲೆಯ ಮೇಲಿನಿಂದ ಎತ್ತಿ ತೆಗೆದು, ಮೇಜಿನ ಮೇಲಿಟ್ಟು, ಒಳಗಿನ ಚೀಟಿಯನ್ನು ಹಕೀಮನಿಗೆ ತೋರಿಸಿದರು. ಅದೇ ಅಳತೆ, ಇದೇ ವರ್ಷ, ಅದೇ ಪರೀಕ್ಷೆ. ಒಳಪದರ ಹೊರಗೆಳೆದು ಅಂಚಿನುದ್ದಕ್ಕೂ ಬೆರಳಾಡಿಸಿದರು.

“ಬೆಸುಗೆ ಗಟ್ಟಿ ಉಂಟು. ಬಿಸಿಲು ಕಂಡದ್ದಿಲ್ಲ. ಒಂದು ಹನಿ ಬೆವರು ಸಹ ತಾಗಿಲ್ಲ, ಗ್ಯಾರಂಟಿ.”

ಇಷ್ಟು ಕಾಲ ದಿನವಿಡೀ ತೊಟ್ಟರೂ ಬೆವರದ ಮನುಷ್ಯ! ಎದೆಗಾರಿಕೆ ಅಂದರೆ ಇದಪ್ಪ ಅಂದುಕೊಂಡ ಕುಂಞಮ್ಮದ್.

ಬಾಗಿಲಲ್ಲಿ ಅರ್ಬಾಬ್ ಯಾವಾಗಲೋ ಬಂದು ನಿಂತಿದ್ದರು. ಭೋಜಣ್ಣ ಅವರ ಮುಖ ನೋಡಿದರು. ಅರ್ಬಾಬ್ ಅಕ್ಕಿ ಚೀಲದ ಮೇಲೆ ಕೂತ ತಾಯಿಯನ್ನು ನೋಡಿ, “ಡೆಮೊ ಪೀಸ್ ನಾ? ದೇದೋ ಭಾಯ್, ಖಲಾಸ್. ಕಾಗದಪತ್ರ ನಾನು ನೋಡಿಕೊಳ್ತೇನೆ” ಅಂತ ತಮ್ಮ ಹಿಂದಿಯಲ್ಲಿ ಹೇಳಿ, “ಯಲ್ಲಾ, ಬೇಗ, ಬೋಟು!” ಅಂತ ಎಲ್ಲರನ್ನೂ ಒಮ್ಮೆ ಗದರಿ ಹೋದರು.

ಭೋಜಣ್ಣನ ಸೊಂಟಕ್ಕೆ ಹೊಂದಿಸಿದ್ದ ಪಟ್ಟಿಗಳನ್ನು ಎಳೆದು ಹೊಂದಿಸಬೇಕಾಯಿತು. ಹೆಗಲಿನದ್ದನ್ನು ಸ್ವಲ್ಪ ಸಡಿಲಿಸಿದರು, ಪಕ್ಕದ್ದನ್ನು ಬಿಗಿದರು. ಗಂಟಲಿನ ಕುಳಿಯಲ್ಲಿ ಬೆರಳಿಟ್ಟು ಪ್ಲೇಟಿನ ಅಂಚು ನೋಡಿದರು. ಬೆನ್ನಿನ ಪ್ಲೇಟು ಎದೆಯದ್ದಕ್ಕೆ ಸಮನಾಗಿ ನಿಂತಿದೆಯೇ ಅಂತ ಹಿಂದೆ ಹೋಗಿ ನೋಡಿದರು. ಎರಡು ಬೆರಳು ಒಳಗೆ ತೂರಿಸಿದರು. ಕೂರಿಸಿದರು, ಏಳಿಸಿದರು.

“ಬೀಬಿಯಕ್ಕ, ಈಗ ನೀವೂ ಬೆರಳಿಟ್ಟು ನೋಡಿ.”

ಬೀಬಿ ಎದ್ದು ಬಂದು ಮಗನ ಪಕ್ಕೆಯ ಪಟ್ಟಿಯೊಳಗೆ ಎರಡು ಬೆರಳು ತೂರಿಸಿದಳು. ಬೆಚ್ಚಗಿತ್ತು. ಆಮೇಲೆ ಗಂಟಲಿನ ಕುಳಿ ಮುಟ್ಟಿದಳು. ಮುಟ್ಟಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

“ಉಮ್ಮ, ಟಿಕ್ಲಿಂಗ್” ಎಂದ ಹಕೀಂ.

ಬೀಬಿ ನಕ್ಕಳು. ನಗುತ್ತಲೇ ಬ್ಯಾಗಿನ ಜಿಪ್ಪು ತೆರೆದು ಪಾಸ್‌ಪೋರ್ಟು ತೆಗೆದು ಅವನ ಕೈಗಿಟ್ಟಳು. “ಹಡಗು ಮುಟ್ಟಿದ ಕೂಡಲೇ ಫೋನ್ ಮಾಡು. ಮತ್ತೆ ಇದನ್ನು ಒಗೆಯಬೇಡ.”

“ಐ ವೋಂಟ್” ಎಂದ ಹಕೀಂ. ಭೋಜಣ್ಣನಿಗೆ ಬಗ್ಗಿ ನಮಸ್ಕಾರ ಮಾಡಲು ಹೋದ. ಪ್ಲೇಟು ಅಡ್ಡ ಬಂತು. ಅರ್ಧದಲ್ಲೇ ನಿಂತು ಕೈ ಕುಲುಕಿದ.

ಕುಂಞಮ್ಮದ್ ಏನಾದರೂ ತಮಾಷೆ ಹೇಳಿ ಬಚಾವಾಗೋಣ ಅಂತ ನೋಡಿದ, ಒಂದೂ ಹೊಳೆಯಲಿಲ್ಲ. ವೆಸ್ಟಿಲ್ಲದ ಭೋಜಣ್ಣ ಅವನ ಕಣ್ಣಿಗೆ ಎಷ್ಟೋ ಚಿಕ್ಕದಾಗಿ ಕಾಣುತ್ತಿದ್ದರು. ತೆಳ್ಳನೆಯ ಅರೆತೋಳಿನ ಶರ್ಟಿನಲ್ಲಿ, ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೇಜಿನ ಪಕ್ಕ ನಿಂತಿದ್ದರು. ಮೇಲೆ ಕ್ಯಾಲೆಂಡರ್ ಪಟಪಟ ಬಡಿದುಕೊಳ್ಳುತ್ತಿತ್ತು.

ಹಕೀಂ ವ್ಯಾನಿನ ಕಡೆ ನಡೆದ. ಅವನ ಹಿಂದೆ ಹೊರಟ ಬೀಬಿ ಬಾಗಿಲಲ್ಲಿ ನಿಂತು ತಿರುಗಿದಳು. ಕಣ್ಣು ತುಂಬಿತ್ತು.

“ಭೋಜಣ್ಣ, ಮೈಮೇಲಿದ್ದದ್ದನ್ನೇ ಬಿಚ್ಚಿ ನನ್ನ ಮಗನಿಗೆ ಕೊಟ್ಟಿರಿ. ನೀವು ಯಾರಿಗೆ ಹೆದರಿ ಅದನ್ನು ದಿನಾ ಹಾಕಿಕೊಳ್ತಿದ್ದಿರೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಆದರೆ ಇನ್ನು ನಿಮಗೆಂತ ರಕ್ಷಣೆ?”

ಭೋಜಣ್ಣ ಒಮ್ಮೆ ತಮ್ಮ ಕುರ್ಚಿಯ ನೇರ ಮೇಲಿದ್ದ ಏಸಿಯನ್ನು ನೋಡಿದರು, ಒಮ್ಮೆ ಬೀಬಿಯನ್ನು ನೋಡಿದರು, ಮೂಗು ಒರೆಸಿಕೊಂಡರು.

“ಹಕೀಮನದ್ದು ಹಳೆ ಸ್ವೆಟರ್ ಏನಾದರೂ ಮನೆಯಲ್ಲಿ ಉಂಟಾ ಅಕ್ಕ?”